ಕರರೈನಾ ಮಣ್ಣು ಮಾಡಿದ ಇಪ್ಪತ್ತೆರಡು ಸೀಸೆ

ಕುಲದ ಸಾವು, ಮದುವೆ, ಸಭೆಗಳೆಲ್ಲ ನಡೆಯುವ ವೈಕಾರೆ ಕೊಲ್ಲಿಯ ಕುಲಮನೆಯಲ್ಲಿ ಊಟದ ಮೇಜಿನ ಮೇಲೆ ಕುಂಡೆಯೂರಿ ಕೂತವರು ಏಟು ತಿನ್ನದೆ ಎದ್ದದ್ದಿಲ್ಲ. ಒಮ್ಮೆ ಒಬ್ಬ ಮಂತ್ರಿ ತಿಂದ, ಒಮ್ಮೆ ಒಬ್ಬ ಪಾದ್ರಿ ತಿಂದ, ಟಿವಿಯವರ ಕ್ಯಾಮೆರಾ ಹೊತ್ತವನೊಬ್ಬ ಬುದ್ಧಿ ಬಾರದೆ ಎರಡು ಸಲ ತಿಂದ. ಕರರೈನಾಳ ಕೈಯಲ್ಲಿನ ಪಾತ್ರೆ ಒರೆಸುವ ಬಟ್ಟೆ ಒದ್ದೆಯಾಗಿದ್ದರಂತೂ ಅದರ ಚಟೀರ್ ಎಂಬ ಸದ್ದು ಕಡಲಿನ ತನಕ ಕೇಳಿಸುತ್ತಿತ್ತು.

ನ್ಯೂಜಿಲೆಂಡಿನ ಪೂರ್ವ ಕರಾವಳಿಯ ಮಾವೊರಿಗಳಲ್ಲಿ ಇದೇನು ಅವಳೊಬ್ಬಳ ಹುಚ್ಚಲ್ಲ. ಮೈಗೆ ಸೇರಿದ್ದು ಬೇರೆ, ಬಾಯಿಗೆ ಸೇರಿದ್ದು ಬೇರೆ. ಬಾಚಣಿಗೆ, ಟೋಪಿ, ದಿಂಬು ಯಾವುದೂ ಊಟ ಇಡುವ ಕಡೆ ಬರಕೂಡದು. ಪಾತ್ರೆ ಒರೆಸುವ ಬಟ್ಟೆಯನ್ನು ಮೈ ಮೇಲಿನ ಬಟ್ಟೆಯ ಜೊತೆ ಒಗೆಯಕೂಡದು. ಮೈಲಿಗೆ ಎಂದು ಅಲ್ಲ. ಮೈ ದೊಡ್ಡದು, ಅದರಲ್ಲಿ ಹಿರಿಯರೆಲ್ಲ ಕೂತಿದ್ದಾರೆ, ಅದನ್ನು ತಂದು ಆಲೂಗಡ್ಡೆಯ ಪಕ್ಕ ಇಟ್ಟರೆ ಹಿರಿಯರಿಗೆ ಅವಮಾನ. ಇದನ್ನು ಎಲ್ಲರೂ ಬಲ್ಲರು. ಕರರೈನಾ ಮಾತ್ರ ಬಟ್ಟೆ ಹಿಡಿದು ಕಾಯುತ್ತಿದ್ದಳು.

ಅವಳಿಗೆ ಅರವತ್ತಮೂರು. ಹದಿನೈದಕ್ಕೆ ಶಾಲೆ ಬಿಟ್ಟು ಕುರಿ ಕತ್ತರಿಸುವವರ ತಂಡಕ್ಕೆ ಅಡುಗೆ ಮಾಡಿದವಳು, ಮೂವತ್ತನಾಲ್ಕು ವರ್ಷದಿಂದ ಕುಲಮನೆಯ ಅಡುಗೆಗೆ ಯಜಮಾನಿ. ಯಾರಾದರೂ ಸತ್ತರೆ ಮೂರು ದಿನದ ಸಾವಿನ ಮನೆಗೆ ಎಷ್ಟು ಜನ ಬರುತ್ತಾರೆ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಸತ್ತವರ ಹೆಸರು ಕಿವಿಗೆ ಬಿದ್ದೊಡನೆ ವಂಶಾವಳಿಯ ಕೊಂಬೆ ಕೊಂಬೆ ಹತ್ತಿ ಇಳಿಯುವಳು. "ಅವನ ಅಜ್ಜಿ ಉತ್ತರದೋಳು, ಅಲ್ಲಿಂದ ಎರಡು ಬಸ್ಸು. ತಾಯಿ ಕಡೆಯೋರು ಜಗಳ ಆಡ್ಕೊಂಡಿದ್ದಾರೆ, ಆದ್ರೂ ಬರ್ತಾರೆ, ಬಂದು ಜಾಸ್ತೀನೇ ತಿಂತಾರೆ" ಎಂದು ಹೇಳಿ ಮಾಂಸ ಬೇಯಲು ಇಡಿಸುವಳು. ಮೂರನೆಯ ದಿನ ಒಂದು ತಟ್ಟೆ ಮಿಕ್ಕುತ್ತಿರಲಿಲ್ಲ, ಒಂದು ತಟ್ಟೆ ಕಡಿಮೆ ಬೀಳುತ್ತಿರಲಿಲ್ಲ. ಯಾವ ಕೊಂಬೆಯವರಿಗೆ ಹಾಲು ಆಗದು, ಯಾವ ಕೊಂಬೆಯ ಗಂಡಸರಿಗೆ ಚಿಪ್ಪುಮೀನು ತಿಂದ ಮಾರನೆಯ ದಿನ ಹೆಬ್ಬೆರಳು ಊದುತ್ತದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ.

ಇಂಥ ಹೆಂಗಸಿಗೆ ಒಂದೇ ಒಂದು ಭಯ. ಸತ್ತ ಮೇಲೆ ಆಚೆ ದಡದಲ್ಲಿ ಅಮ್ಮ ಸೌಟು ಹಿಡಿದು ನಿಂತಿರುತ್ತಾಳೆ ಎಂಬ ಭಯ.

ಅದರ ಕಥೆ ಇಷ್ಟು. ಕರರೈನಾ ಅಡುಗೆಮನೆಗೆ ಯಜಮಾನಿಯಾದ ವರ್ಷವೇ ಕಡಲಾಚೆಯಿಂದ ಬಿಳಿಯ ವಿಜ್ಞಾನಿಗಳ ತಂಡವೊಂದು ಬಂದಿತ್ತು. ಈ ಕುಲದವರ ಹೆಬ್ಬೆರಳು ಯಾಕೆ ಊದುತ್ತದೆ ಎಂದು ಪತ್ತೆ ಹಚ್ಚುತ್ತೇವೆ, ರಕ್ತ ಕೊಡಿ, ವರ್ಷದೊಳಗೆ ಉತ್ತರವನ್ನೂ ತರುತ್ತೇವೆ, ಮಿಕ್ಕ ರಕ್ತವನ್ನೂ ತರುತ್ತೇವೆ ಎಂದರು. ಕರರೈನಾಳ ತಾಯಿ ಮೆರೆಯಾನಾ ಚರ್ಚಿನ ಟೋಪಿ, ಕರಿ ಕೋಟು ತೊಟ್ಟು ಮೊದಲ ಸಾಲಿನಲ್ಲಿ ನಿಂತು ಒಂದು ಸೀಸೆ ರಕ್ತ ಕೊಟ್ಟಳು. ಆ ಹೊತ್ತಿನಲ್ಲಿ ಕರರೈನಾ ಒಳಗೆ ಅದೇ ನೆಂಟರಿಗೆ ಹಿಟ್ಟಿನ ರೊಟ್ಟಿ ಕರಿಯುತ್ತಿದ್ದಳು. ತಂಡ ನಾಲ್ಕು ದಿನ ಹೊಟ್ಟೆ ತುಂಬ ಉಂಡು ಹೊರಟಿತು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇಂಥವರಿಗೇ.

ಆರು ವರ್ಷದ ಮೇಲೆ ಮೆರೆಯಾನಾ ಹಾಸಿಗೆ ಹಿಡಿದಾಗ ಮಗಳ ಕೈ ಹಿಡಿದು, "ನನ್ನ ಆ ಸೀಸೆ ತರ್ಸೇ. ಅದು ಮಣ್ಣಿಗೆ ಸೇರೋ ತನಕ ನಾನು ಪೂರ್ತಿ ಹೋದ ಹಾಗಲ್ಲ" ಎಂದಳು. ಕರರೈನಾ ಮಾತು ಕೊಟ್ಟಳು. ಮೂರು ಕಾಗದ ಬರೆದಳು. ಒಂದಕ್ಕೆ ಉತ್ತರ ಬಂತು: ಸೀಸೆಯ ಸಂಖ್ಯೆ ತಿಳಿಸಿ, ಇಲ್ಲವಾದರೆ ಹುಡುಕಲಾಗದು. ಯಾವ ಸಂಖ್ಯೆ? ಅವಳಿಗೇನು ಗೊತ್ತು? ಇಪ್ಪತ್ತೆಂಟು ವರ್ಷ ಆ ಮಾತು ಅವಳ ಎದೆಯ ಮೇಲೆ ಬೀಸುವ ಕಲ್ಲಾಗಿ ಕೂತಿತ್ತು.

ಹೀಗಿರುವಾಗ ಅವಳ ತಂಗಿಯ ಮಗಳು ರಿಪೆಕಾ ಪಟ್ಟಣದಲ್ಲಿ ವಂಶವಾಹಿಗಳ ವಿಜ್ಞಾನ ಓದಿ ಮುಗಿಸಿ ಊರಿಗೆ ಬಂದಳು. ಮೂವತ್ತೊಂದು ವಯಸ್ಸು, ಮಾತು ಕಡಿಮೆ, ಹಟ ಜಾಸ್ತಿ. ನಮ್ಮ ರಕ್ತದ ಲೆಕ್ಕ ಯಾರೋ ಬಂದು ಬರೆದುಕೊಂಡು ಹೋಗುವುದು ಸಾಕು, ಉಗುಳಿನಿಂದ ವಂಶವಾಹಿ ಓದುವುದನ್ನು ನಮ್ಮ ಹುಡುಗ ಹುಡುಗಿಯರೇ ಕಲಿಯಲಿ, ಕುಲಮನೆಯಲ್ಲೇ ಒಂದು ವಾರ ತರಬೇತಿ ನಡೆಸೋಣ ಎಂದು ಸಭೆಯಲ್ಲಿ ಕೇಳಿದಳು. ಅದಕ್ಕಾಗಿ ನಾಲ್ಕು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಒಪ್ಪಿಗೆ ಪತ್ರ ತಂದಿದ್ದಳು.

ಕುಲದ ಮಾತುಗಾರ ತೀಮೊತಿ ಎದ್ದು ನಿಂತ. ಕರರೈನಾಳ ಸತ್ತ ಗಂಡನ ಅಣ್ಣ, ಎಪ್ಪತ್ತೆಂಟು ವರ್ಷ, ಕೈಯಲ್ಲಿ ಕೆತ್ತನೆಯ ಕೋಲು, ಕಾಲಲ್ಲಿ ಊದಿದ ಹೆಬ್ಬೆರಳು. ಮುಕ್ಕಾಲು ಗಂಟೆ ಮಾತಾಡಿ ಕೊನೆಗೆ, "ಈ ಹುಡುಗಿ ನನ್ನ ಬೆರಳಿನ ಗುಟ್ಟು ಕಂಡುಹಿಡಿಯೋದಾದ್ರೆ ನನ್ನ ಉಗುಳು ಎಷ್ಟು ಬೇಕಾದ್ರೂ ತಗೊಳ್ಲಿ!" ಎಂದ.

"ಅದು ಮುಂದಿನ ಸಾಲಿನೋರಿಗೆಲ್ಲ ಆಗ್ಲೇ ಸಿಕ್ಕಿದೆ ಬಿಡಿ ಭಾವ" ಎಂದಳು ಕರರೈನಾ, ಮುಖ ಒರೆಸಿಕೊಳ್ಳುತ್ತ. ಸಭೆ ನಕ್ಕಿತು. ಅವಳು ನಗಲಿಲ್ಲ. "ಬರ್ಲಿ, ಬೇಡ ಅನ್ನಲ್ಲ. ಅಡುಗೆ ಮಾಡಿ ಹಾಕ್ತೀನಿ. ಆದ್ರೆ ನನ್ನ ಬಾಯಿಂದ ಒಂದು ಹನಿ ಉಗುಳು ಕೇಳಿದ್ರೆ ಸೌಟು ತಗೋತೀನಿ. ನಮ್ಮನೆಯಿಂದ ಕೊಟ್ಟಿದ್ದು ಒಂದು ಸಲ ಸಾಕು."

ಫೆಬ್ರವರಿಯ ಬಿಸಿಲಲ್ಲಿ ಇಪ್ಪತ್ತೆರಡು ಮಂದಿ ಕಲಿಯಲು ಬಂದರು. ಜೊತೆಗೆ ಪಟ್ಟಣದಿಂದ ಡಂಕನ್ ಎಂಬ ಬಿಳಿಯ ಮೇಷ್ಟ್ರು. ಮನುಷ್ಯ ಒಳ್ಳೆಯವನು, ಕೆಂಪು ಮೂಗು, ಎಲ್ಲದಕ್ಕೂ ಥ್ಯಾಂಕ್ಸ್ ಹೇಳುವ ಚಾಳಿ. ಮೊದಲ ದಿನವೇ ಮೇಜಿನ ಮೇಲೆ ಕೂತು ಬಟ್ಟೆಯೇಟು ತಿಂದು ಅದಕ್ಕೂ ಥ್ಯಾಂಕ್ಸ್ ಹೇಳಿದ. ಎರಡನೆಯ ದಿನ ಅವನು ಕಿವಿ ಹಣ್ಣು ಕಿವುಚಿ, ಪಾತ್ರೆ ತೊಳೆಯುವ ಸೋಪು ಕಲಸಿ, ಹಣ್ಣಿನ ಡಿಎನ್‌ಎ ಎಂದು ಬಿಳಿ ಎಳೆಯೊಂದನ್ನು ಕಡ್ಡಿಗೆ ಸುತ್ತಿ ತೋರಿಸಿದ. ಕರರೈನಾ ಬಾಗಿಲಲ್ಲಿ ನಿಂತು ನೋಡಿದಳು. "ಒಳ್ಳೇ ಹಣ್ಣು ಹಾಳು ಮಾಡಿ ಸಿಂಬಳ ತೆಗೆದ" ಎಂದು ಒಳಗೆ ಹೋದಳು.

ಮೂರನೆಯ ದಿನ ಉಗುಳುವ ಪಾಠ. ಹತ್ತು ಗಂಟೆಗೆ ಅವಳು ಚಹಾ ಹಿಡಿದು ಹೊರಟರೆ ರಿಪೆಕಾ ಅಡ್ಡ ಬಂದಳು.

"ಈಗ ಬೇಡ ದೊಡ್ಡಮ್ಮ. ಉಗುಳೋಕೆ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು. ಊಟ ಸೇರಿದ್ರೆ ಕೆಡುತ್ತೆ."

ಕರರೈನಾ ಚಹಾದ ತಟ್ಟೆ ಹಿಡಿದೇ ನಿಂತಳು. "ಏನಂದೆ? ಊಟಾನೂ ಮೈನೂ ಸೇರಿಸಬಾರದು ಅಂತ ನಿನ್ನ ವಿಜ್ಞಾನಕ್ಕೂ ಗೊತ್ತಾ?"

"ಗೊತ್ತು."

"ಹಂಗಾದ್ರೆ ಅದು ಅಷ್ಟೇನೂ ದಡ್ಡ ಅಲ್ಲ." ಚಹಾ ವಾಪಸು ಹೋಯಿತು.

ಮಾರನೆಯ ಬೆಳಿಗ್ಗೆ ಐದೂವರೆಗೆ ಬೆಣ್ಣೆಗೆಂದು ಫ್ರಿಜ್ಜು ತೆರೆದವಳು ಹಾವು ತುಳಿದವಳಂತೆ ಹಿಂದಕ್ಕೆ ಹಾರಿದಳು. ಬೆಣ್ಣೆಗೂ ನಲವತ್ತು ಕಿಲೊ ಚಿಪ್ಪುಮೀನಿಗೂ ನಡುವೆ ಒಂದು ಡಬ್ಬಿ. ಡಬ್ಬಿಯಲ್ಲಿ ಇಪ್ಪತ್ತೆರಡು ಸಣ್ಣ ಸೀಸೆ. ಒಂದೊಂದರ ಮೇಲೂ ಹೆಸರು. ಎಲ್ಲ ಹೆಸರೂ ಅವಳಿಗೆ ಗೊತ್ತು. ಅವರ ಅಜ್ಜಂದಿರ ಸಾವಿಗೆ ಅವಳೇ ಬೇಯಿಸಿ ಹಾಕಿದ್ದಳು. ಅಷ್ಟೂ ಹಿರಿಯರನ್ನು ಯಾರೋ ತಂದು ಬೆಣ್ಣೆಯ ಪಕ್ಕ ಕೂರಿಸಿದ್ದರು.

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಇಲ್ಲವೇ ಡಬ್ಬಿಯನ್ನು ತೆಗೆದು ಜಗುಲಿಯಲ್ಲಿಡುತ್ತಿದ್ದರು. ಕರರೈನಾಗೆ ಅದು ಹೊಳೆಯಲೇ ಇಲ್ಲ. ಮೈಯಿಂದ ಬಂದದ್ದಕ್ಕೆ ಅವಳು ಕಂಡಂತೆ ಒಂದೇ ದಾರಿ. ಮಗು ಹುಟ್ಟಿದರೆ ಮಾಸನ್ನು ಮಣ್ಣಿಗೆ ಕೊಡಬೇಕು, ಕೂದಲು ಕತ್ತರಿಸಿದರೆ ಮಣ್ಣಿಗೆ ಕೊಡಬೇಕು. ಊಟದ ಜೊತೆ ಸೇರಿ ಕೆಟ್ಟ ಉಗುಳನ್ನು ಮತ್ತೇನು ಮಾಡುವುದು? ಅವಳು ಡಬ್ಬಿಯನ್ನು ಎದೆಗವಚಿಕೊಂಡು ತೀಮೊತಿಯ ಮನೆ ಬಾಗಿಲು ಬಡಿದಳು.

"ಭಾವ, ಏಳಿ. ಮಣ್ಣು ಮಾಡೋದಿದೆ."

"ಯಾರು ಹೋದ್ರು?" ತೀಮೊತಿ ಹಲ್ಲಿನ ಸೆಟ್ಟು ಹುಡುಕುತ್ತ ಕೇಳಿದ.

"ಇಪ್ಪತ್ತೆರಡು ಜನ."

"ಅಯ್ಯಯ್ಯೋ! ಬಸ್ಸು ಮಗುಚಿತಾ?"

"ಯಾರೂ ಸತ್ತಿಲ್ಲ. ಬಂದು ಪ್ರಾರ್ಥನೆ ಹೇಳಿ, ಆಮೇಲೆ ಹೇಳ್ತೀನಿ."

ತೀಮೊತಿ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಕುಲಮನೆಯ ಹಿಂದೆ, ಊರಿನ ಮಕ್ಕಳ ಮಾಸೆಲ್ಲ ಸೇರಿರುವ ಪೊಹುತುಕಾವ ಮರದ ಬುಡದಲ್ಲಿ ನಿಂತು, ಏನನ್ನು ಹೂಳುತ್ತಿದ್ದೇವೆ ಎಂದು ತಿಳಿಯದೆಯೇ ಇಪ್ಪತ್ತು ನಿಮಿಷ ಕಣ್ಣು ತುಂಬಿ ಪ್ರಾರ್ಥಿಸಿದ. ಆಮೇಲೆ ಕರರೈನಾ ಚಿಪ್ಪುಮೀನನ್ನೆಲ್ಲ ಕಡಲಿಗೆ ಚೆಲ್ಲಿ, ಫ್ರಿಜ್ಜನ್ನು ಮೂರು ಸಲ ಉಪ್ಪುನೀರಲ್ಲಿ ತಿಕ್ಕಿದಳು. ಒಂಬತ್ತು ಗಂಟೆಯಾದರೂ ತಿಂಡಿಯ ಸುಳಿವಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅಂಥದ್ದು ನಡೆದಿರಲಿಲ್ಲವಾದ್ದರಿಂದ ಎಲ್ಲರೂ ಓಡಿ ಬಂದರು.

"ದೊಡ್ಡಮ್ಮ, ಫ್ರಿಜ್ಜಲ್ಲಿ ಒಂದು ಡಬ್ಬಿ ಇತ್ತಂತೆ…" ರಿಪೆಕಾ ಕೇಳಿದಳು.

"ಮಣ್ಣು ಮಾಡಿದೆ."

ರಿಪೆಕಾ ಮೇಜಿನ ಮೇಲೆ ಕೂರಲು ಹೋಗಿ, ಕೂರದೆ ಸೆಟೆದು ನಿಂತಳು. ಡಂಕನ್ ಮೇಷ್ಟ್ರ ಮೂಗು ಮೊದಲ ಸಲ ಬಿಳಿಯಾಯಿತು. ತಮ್ಮ ಸಣ್ಣ ಫ್ರಿಜ್ಜು ರಾತ್ರಿ ಕೆಟ್ಟಿತು, ಅದಕ್ಕೇ ಇಲ್ಲಿ ತಂದು ಇಟ್ಟೆ ಎಂದು ಅವನು ತೊದಲಿದ.

"ಅದಕ್ಕೆ ಫ್ರಿಜ್ಜೇ ಬೇಕಿರಲಿಲ್ಲ ಸಾರ್!" ರಿಪೆಕಾ ಚೀರಿದಳು. "ಕಾಪಾಡೋ ನೀರು ಹಾಕಿದ ಮೇಲೆ ಕಿಟಕಿ ಮೇಲಿಟ್ರೂ ತಿಂಗಳುಗಟ್ಟಲೆ ಕೆಡಲ್ಲ. ನೀವೇ ಅಲ್ವಾ ಪಾಠದಲ್ಲಿ ಹೇಳಿದ್ದು?"

"ಹಳೇ ಅಭ್ಯಾಸ" ಎಂದ ಡಂಕನ್. ಆಮೇಲೆ ಮುಖ ಸ್ವಲ್ಪ ಅರಳಿಸಿ, "ಅಂದ್ರೆ ಮಣ್ಣಲ್ಲೂ ಕೆಟ್ಟಿರಲ್ಲ. ಅಗೆದು ತೆಗೀಬಹುದಲ್ವಾ?" ಎಂದ.

ಇಪ್ಪತ್ತೆರಡು ಜನವೂ ಅವನನ್ನೇ ನೋಡಿದರು. ತೀಮೊತಿ ಕೆಮ್ಮಿದ. "ಹೂಳೋ ಪ್ರಾರ್ಥನೆ ನನಗೆ ಬರುತ್ತೆ. ವಾಪಸ್ ತೆಗೆಯೋ ಪ್ರಾರ್ಥನೆ ನಮ್ಮಪ್ಪ ಹೇಳಿಕೊಟ್ಟಿಲ್ಲಪ್ಪ."

ರಿಪೆಕಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ನಾಲ್ಕು ವರ್ಷ ಅಲೆದಿದ್ದೀನಿ ಇದಕ್ಕೆ! ಒಂದು ಮಾತು ಕೇಳಬಾರದಿತ್ತಾ ದೊಡ್ಡಮ್ಮ? ಇವರ ಉಗುಳು, ಇವರನ್ನೇ ಕೇಳದೆ ಹೂತುಬಿಡೋದಾ?"

"ನಿಮ್ಮಜ್ಜಿನ ಯಾರು ಕೇಳಿದ್ರು?" ಕರರೈನಾ ದನಿ ಎತ್ತಿದಳು. "ವರ್ಷಕ್ಕೆ ತರ್ತೀವಿ ಅಂದ್ರು. ಟೋಪಿ ಹಾಕ್ಕೊಂಡು ಹೋಗಿ ಕೊಟ್ಟಳು ಅಮ್ಮ. ಈಗ ಯಾವ ದೇಶದಲ್ಲಿ, ಯಾವನ ಬುತ್ತಿ ಡಬ್ಬಿ ಪಕ್ಕ ಕೂತಿದ್ದಾಳೋ! ಇವತ್ತು ಫ್ರಿಜ್ಜು ತೆಗೆದಾಗ ಇಪ್ಪತ್ತೆರಡೂ ಸೀಸೆ ನನಗೆ ಅಮ್ಮನ ಹಂಗೇ ಕಾಣಿಸ್ತು ಕಣೇ. ಕೈ ಸುಮ್ನೆ ಇರಲಿಲ್ಲ." ಹೇಳುತ್ತ ಹೇಳುತ್ತ ಅವಳು ಪಾತ್ರೆ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಏನು ಮಾಡಿದೆ ಎಂದು ತಿಳಿದು ಆ ಬಟ್ಟೆಯನ್ನು ಒಲೆಗೆ ಹಾಕಿದಳು.

ಅಜ್ಜಿಯ ಸೀಸೆಯ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹಬ್ಬಕ್ಕೊಮ್ಮೆ ಹೇಳಿ ನಗುತ್ತಿದ್ದರು. ತಾನು ಓದಿದ್ದು ಯಾವ ವಿದ್ಯೆಯೋ ಅದೇ ಆ ಸೀಸೆಯನ್ನು ಹೊತ್ತುಕೊಂಡು ಹೋದದ್ದು ಎಂದು ರಿಪೆಕಾ ಕೂತು ಯೋಚಿಸಿರಲೇ ಇಲ್ಲ. ಅವಳಿಗೆ ನಾಚಿಕೆಯಾಯಿತು.

ಅಂದು ಮಧ್ಯಾಹ್ನವೆಲ್ಲ ಇಪ್ಪತ್ತೆರಡು ಜನವೂ ಕುಲದವರೆಲ್ಲ ಒಟ್ಟಿಗೆ ಮಲಗುವ ಕೆತ್ತನೆಯ ದೊಡ್ಡ ಮನೆಯಲ್ಲಿ, ಗೋಡೆ ತುಂಬ ತೂಗುವ ಹಿರಿಯರ ಫೋಟೊಗಳ ಕೆಳಗೆ ಕೂತು ಚರ್ಚಿಸಿದರು. ಹೂತದ್ದು ಹೂತಲ್ಲೇ ಇರಲಿ, ಹೊಸದಾಗಿ ಉಗುಳೋಣ. ಆದರೆ ಸೀಸೆ ಎಲ್ಲಿಡಬೇಕು, ಯಾರು ಮುಟ್ಟಬೇಕು, ಕೆಲಸ ಮುಗಿದ ಮೇಲೆ ಯಾವಾಗ ಮರದ ಬುಡಕ್ಕೆ ಬರಬೇಕು, ಇವೆಲ್ಲ ಮೊದಲು ಬರೆಯೋಣ ಎಂದು ತೀರ್ಮಾನವಾಯಿತು. ಬರೆಸುವುದು ಯಾರು? ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು.

ಕರರೈನಾ ಆಲೂಗಡ್ಡೆ ಸುಲಿಯುತ್ತಲೇ ಹೇಳಿದಳು, ರಿಪೆಕಾ ಬರೆದುಕೊಂಡಳು. ಕೆತ್ತನೆ ಮಾಡುವವರ ಕೋಣೆಯಲ್ಲಿ ಬೇರೆ ಬೀರು, ಬೀರುವಿಗೆ ಬೀಗ, ಆ ಕೋಣೆಗೆ ಬಿಸ್ಕತ್ತು ಕೂಡ ಒಯ್ಯಕೂಡದು. ಪ್ರತಿ ಸೀಸೆಯ ಜೊತೆ ಅದು ಮನೆಗೆ ಮರಳುವ ದಿನದ ಚೀಟಿ. ಕುಲವನ್ನು ಕೇಳದೆ ಒಂದು ಹನಿ ಹೊಸಿಲು ದಾಟಕೂಡದು. ಡಂಕನ್ ಓದಿ, ಇಷ್ಟು ಒಳ್ಳೆಯ ಕಟ್ಟುಪಾಡು ತಮ್ಮಲ್ಲೂ ಇಲ್ಲ ಎಂದು ಒಪ್ಪಿಕೊಂಡ. "ನಿಮ್ಮ ಹುದ್ದೆಗೆ ಏನಂತ ಹೆಸರು ಬರೆಯೋಣ?" ಎಂದು ಕೇಳಿದ.

"ಬೀಗದ ಕೈ ಯಾರ ಕೊರಳಲ್ಲಿದೆಯೋ ಅವರೇ ಯಜಮಾನ್ರು. ಹೆಸರು ಯಾಕೆ?"

ಅದೇ ಸಂಜೆ ರಿಪೆಕಾ ದೊಡ್ಡ ಮನೆಯಿಂದ ಓಡಿ ಬಂದು ಅವಳ ಕೈ ಹಿಡಿದು ಎಳೆದೊಯ್ದಳು. ಗೋಡೆಯ ಮೇಲೆ ಮೆರೆಯಾನಾಳ ಫೋಟೊ. ಟೋಪಿ, ಕರಿ ಕೋಟು, ಕೋಟಿನ ಎದೆಗೆ ಪಿನ್ನು ಚುಚ್ಚಿದ ಬಿಳಿ ಚೀಟಿ. ಕ್ಯಾಮೆರಾ ತೀಮೊತಿಯದು. ಆ ಚೀಟಿ ಚರ್ಚಿನ ಲಾಟರಿಯದು, ಅವತ್ತು ಅವಳಿಗೆ ಹಂದಿತೊಡೆ ಬಹುಮಾನ ಬಂದಿತ್ತು ಎಂದು ಅವನು ಇಷ್ಟು ವರ್ಷವೂ ಹೇಳುತ್ತ ಬಂದಿದ್ದ.

"ದೊಡ್ಡಮ್ಮ, ಇದು ಹಂದಿತೊಡೆ ಚೀಟಿ ಅಲ್ಲ. ರಕ್ತ ಕೊಟ್ಟೋರಿಗೆ ಚುಚ್ಚೋ ಚೀಟಿ. ನೋಡಿ, ಸೀಸೆಯ ಸಂಖ್ಯೆ, ಇನ್ನೂರ ಹದಿನೇಳು."

ಕರರೈನಾ ತುಂಬ ಹೊತ್ತು ನೋಡಿದಳು. ಸಾವಿಗೆ, ಮದುವೆಗೆ, ಹಬ್ಬಕ್ಕೆ ಇಡೀ ಕುಲ ಆ ಸಂಖ್ಯೆಯ ಕೆಳಗೆ ಮಲಗಿ ಎದ್ದಿತ್ತು. "ಆ ಹಂದಿತೊಡೆ ತಿಂದ ನೆನಪಿದೆಯಲ್ಲೇ ನನಗೆ?" ಎಂದಳು ಕೊನೆಗೆ.

"ನನಗೂ ಇದೆ" ಎಂದ ತೀಮೊತಿ, ಕುಂಬಳಕಾಯಿ ಕಳ್ಳನಂತೆ ಹೆಗಲು ಸವರಿಕೊಳ್ಳುತ್ತ. "ರುಚಿಯಾಗಿತ್ತು."

ರಿಪೆಕಾ ಮತ್ತು ಅವಳ ಮೂವರು ಶಿಷ್ಯೆಯರು ಹತ್ತು ತಿಂಗಳು ಕಾಗದ ಬರೆದರು. ಕರರೈನಾ ಬರೆದಂತೆ ದಯವಿಟ್ಟು ಎಂದು ಬರೆಯಲಿಲ್ಲ. ಯಾವ ಒಪ್ಪಿಗೆಯ ಮೇಲೆ ಇಟ್ಟುಕೊಂಡಿದ್ದೀರಿ, ತೋರಿಸಿ ಎಂದು ಬರೆದರು. ಎಲ್ಲಿ ಕೇಳಬೇಕು, ಏನು ಕೇಳಬೇಕು ಎಂದು ಈಗ ಅವರಿಗೆ ಗೊತ್ತಿತ್ತು. ಕೊನೆಗೆ ಉತ್ತರ ಬಂತು: ಇನ್ನೂರ ಹದಿನೇಳು ಸಿಕ್ಕಿದೆ, ಶನಿವಾರ ಕುಲಮನೆಗೆ ತಲುಪುತ್ತದೆ.

ಹೆಣ ಮನೆಗೆ ಬರುವಾಗ ಹೇಗೋ ಹಾಗೆಯೇ ತಯಾರಿ ನಡೆಯಿತು. ಹೆಬ್ಬಾಗಿಲಲ್ಲಿ ಹಿರಿಯ ಹೆಂಗಸರು ಕೂಗಿ ಕರೆಯಬೇಕು, ತೀಮೊತಿ ಮಾತಾಡಬೇಕು, ಆಮೇಲೆ ಮರದ ಬುಡ. ಕರೆಯುವ ಮುದುಕಿಯರೆಲ್ಲ ಶನಿವಾರಕ್ಕೆ ಚಂದ ಕಾಣಬೇಕೆಂದು ಗುರುವಾರ ಕೂದಲು ಸರಿ ಮಾಡಿಸಿಕೊಳ್ಳಲು ಪೇಟೆಗೆ ಹೋದರು.

ಗುರುವಾರ ಹನ್ನೊಂದು ಗಂಟೆಗೆ ಕರರೈನಾ ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಕೊರಿಯರಿನ ಬಾಬ್ ಹಿತ್ತಲ ಬಾಗಿಲಿಂದ ಬಂದ. ಹದಿನೈದು ವರ್ಷದಿಂದ ಈರುಳ್ಳಿ ಮೂಟೆ ತಂದು ಹಾಕುವವನು. ಹೆಬ್ಬಾಗಿಲು ಎಲ್ಲಿದೆ ಎಂದೇ ಅವನಿಗೆ ತಿಳಿಯದು. "ಬೇಗ ಸೈನ್ ಹಾಕಮ್ಮ, ತಣ್ಣಗಿರೋ ಮಾಲು" ಎಂದು ಬಿಳಿ ಪೆಟ್ಟಿಗೆಯೊಂದನ್ನು ತಂದು ಹಿಟ್ಟಿನ ಪಕ್ಕ, ಮೇಜಿನ ಮೇಲೆ ಇಟ್ಟ.

ಕರರೈನಾ ಬಟ್ಟೆ ಎತ್ತಿದಳು. ಆಗ ಪೆಟ್ಟಿಗೆಯ ಮೇಲಿನ ಸಂಖ್ಯೆ ಕಾಣಿಸಿತು.

ಐದು ವರ್ಷದ ಕರರೈನಾ ಇದೇ ಮೇಜಿನ ಮೇಲೆ ಹತ್ತಿ ಕೂತಾಗ ಕುಂಡೆಗೆ ಒದ್ದೆ ಬಟ್ಟೆಯಿಂದ ಚಟೀರೆಂದು ಬಾರಿಸಿ ಈ ಕಟ್ಟಳೆ ಕಲಿಸಿದವಳು ಮೆರೆಯಾನಾ. ಮೂವತ್ತೈದು ವರ್ಷ ದೇಶ ಸುತ್ತಿ ಬಂದು ಅವಳೇ ಈಗ ಮೇಜಿನ ಮೇಲೆ, ರೊಟ್ಟಿಯ ಹಿಟ್ಟಿಗೆ ಒರಗಿ ಕೂತಿದ್ದಳು.

"ಅಮ್ಮಾ!" ಕರರೈನಾ ಊರಿಗೆಲ್ಲ ಕೇಳುವಂತೆ ಕೂಗಿದಳು. "ಇಳಿಯೇ ಮೇಜಿಂದ!"

ಬಾಬ್ ಓಡಿಹೋದ. ಅವಳು ನಗುತ್ತ, ಅಳುತ್ತ, ಕೈಯೆಲ್ಲ ಹಿಟ್ಟು, ಪೆಟ್ಟಿಗೆಯನ್ನು ಎತ್ತಿ ತಬ್ಬಿಕೊಂಡಳು. ಹಿತ್ತಲ ಬಾಗಿಲಿಂದ ಅಮ್ಮನನ್ನು ಒಳಗೆ ಬಿಟ್ಟುಕೊಳ್ಳುವುದುಂಟೆ? ಹೊರಗೆ ಬಂದು, ಬೇಲಿ ಸುತ್ತಿ, ರಸ್ತೆಗೆ ಇಳಿದು, ಹೆಬ್ಬಾಗಿಲ ಮುಂದೆ ನಿಂತಳು. ಹೊರಗಿಂದ ಬಂದವರು ತಾವಾಗಿ ಒಳಗೆ ಕಾಲಿಡುವಂತಿಲ್ಲ. ಒಳಗಿಂದ ಒಬ್ಬ ಹೆಂಗಸು ಕರೆಯಬೇಕು.

ಒಳಗೆ ಇದ್ದದ್ದು ಕುಂಟುತ್ತ ಬಂದ ತೀಮೊತಿ ಮತ್ತು ರಿಪೆಕಾ ಇಬ್ಬರೇ.

"ನೀನೇ ಕರಿಯಮ್ಮ" ಎಂದ ತೀಮೊತಿ.

"ನಾನಾ ತಾತ? ನಾನು ಯಾವತ್ತೂ ಕರೆದಿಲ್ಲ. ದೊಡ್ಡೋರು ಬರ್ಲಿ. ತಪ್ಪಾದ್ರೆ?"

"ಬೇಗ ಕರೆಯೇ!" ಹೆಬ್ಬಾಗಿಲಾಚೆಯಿಂದ ಕರರೈನಾ ಕಿರುಚಿದಳು. "ಅಮ್ಮ ಕರಗ್ತಾ ಇದ್ದಾಳೆ!"

ರಿಪೆಕಾ ಕಣ್ಣು ಮುಚ್ಚಿ ಬಾಯಿ ತೆರೆದಳು. ಮೊದಲ ಸ್ವರ ನಡುಗಿತು, ಎರಡನೆಯದು ನಿಂತಿತು, ಮೂರನೆಯದು ಅಂಗಳ ದಾಟಿ ಹೆಬ್ಬಾಗಿಲನ್ನು ಮುಟ್ಟಿತು. ಬಾ ತಾಯಿ, ಮನೆಗೆ ಬಾ, ನಿನ್ನವರೆಲ್ಲ ಇಲ್ಲೇ ಇದ್ದಾರೆ ಎಂದು ಕರೆಯಿತು. ಕರರೈನಾ ಹಿಟ್ಟಿನ ಕೈಯಲ್ಲಿ ಅಮ್ಮನನ್ನು ಹಿಡಿದು ಒಳಗೆ ನಡೆದಳು. ಅಂದಿನ ತೀಮೊತಿಯ ಮಾತು ಬರೀ ನಾಲ್ಕು ನಿಮಿಷ.

ಮರದ ಬುಡ ಮುಚ್ಚಿ, ಕೈ ತೊಳೆದು ಬಂದ ಕರರೈನಾ ರಿಪೆಕಾಳ ಎದುರು ನಿಂತಳು. "ಎಲ್ಲಿ ನಿನ್ನ ಸೀಸೆ? ಕೊಡು."

"ಈಗ್ಲಾ? ದೊಡ್ಡಮ್ಮ, ಹಿಟ್ಟು ರುಚಿ ನೋಡಿದ್ರಾ?"

"ನೋಡ್ದೆ. ಅದಕ್ಕೇನೀಗ?"

"ಹಾಗಾದ್ರೆ ಅರ್ಧ ಗಂಟೆ ಕಾಯ್ಬೇಕು. ಏನೂ ತಿನ್ನಬಾರದು, ಕುಡೀಬಾರದು. ಅಡುಗೆಮನೆ ಕಡೆಗೇ ಹೋಗ್ಬೇಡಿ."

ಕರರೈನಾ ಮರದ ಎದುರಿನ ಬೆಂಚಿನ ಮೇಲೆ ಕೂತಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವಳ ಕೈಯಲ್ಲಿ ಸೌಟಿಲ್ಲ, ಬಟ್ಟೆಯಿಲ್ಲ, ನಾಲಿಗೆಯ ಮೇಲೆ ಉಪ್ಪಿಲ್ಲ. ಮರ ಕೆಂಪಗೆ ಹೂವು ಬಿಟ್ಟಿತ್ತು. ಆಚೆ ದಡದಲ್ಲಿ ಈಗ ಯಾರೂ ಸೌಟು ಹಿಡಿದು ನಿಂತಿರಲಿಲ್ಲ.

"ಎಷ್ಟಾಯ್ತೇ?" ಎಂದು ಕೂಗಿ ಕೇಳಿದಳು.

"ಆರು ನಿಮಿಷ, ದೊಡ್ಡಮ್ಮ."